ನಾಡೋಜನೊಳಗಿನ ಓಜ

ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾದಾಗ ಉಳಿದ ವಿಶ್ವವಿದ್ಯಾಲಯಗಳ ಹೆಸರುಗಳನ್ನೇ ಎರವಲು ತರಲಿಲ್ಲ. ಘಟಿಕೋತ್ಸವ ಅಲ್ಲಿ ನುಡಿಹಬ್ಬವಾಯಿತು. ಆಡಳಿತ ಕಚೇರಿ ಕ್ರಿಯಾಶಕ್ತಿಯಾಯಿತು. ಗೌರವ ಡಾಕ್ಟರೇಟಿನ ಜಾಗಕ್ಕೆ ‘ನಾಡೋಜ’ ಬಂದು ಕೂತಿತು. ಈಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಈ ಐದು ತಾಲ್ಲೂಕುಗಳ ಕಾಲೇಜುಗಳ ಆಮಂತ್ರಣ ಪತ್ರಿಕೆಗಳಲ್ಲೂ ಆ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಅತಿಥಿಗಳನ್ನು ಪರಿಚಯಿಸಲು ಮೈಕು ಹಿಡಿದವರು ಅದರ ಅರ್ಥ ಹೇಳಲು ಹೊರಟರೆ ಸಾಮಾನ್ಯವಾಗಿ ‘ನಾಡಿನ ಓಜಸ್ಸು, ನಾಡಿನ ತೇಜಸ್ಸು’ ಎಂದುಬಿಡುತ್ತಾರೆ. ಕಿವಿಗೇನೋ ಇಂಪಾಗಿದೆ. ಆದರೆ ಓಜಸ್ಸಿಗೂ ನಾಡೋಜನಿಗೂ ಯಾವ ನಂಟೂ ಇಲ್ಲ.

ನಾಡು ಮತ್ತು ಓಜ ಕೂಡುವಾಗ ನಡುವಿನ ಉಕಾರ ಬಿದ್ದುಹೋಗಿ ನಾಡೋಜ. ಹೈಸ್ಕೂಲಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ ಲೋಪಸಂಧಿ. ಓಜ ಎಂದರೆ ಉಪಾಧ್ಯಾಯ. ಉಪಾಧ್ಯಾಯ ಎಂಬ ಮಾತೇ ನೂರಾರು ವರ್ಷ ಜನರ ನಾಲಗೆಯ ಮೇಲೆ ಸವೆದು ಓಜ ಆಗಿದೆ.

ಸವೆದ ಬಗೆಯೂ ಸ್ಪಷ್ಟವಾಗಿದೆ. ಸಂಸ್ಕೃತದ ಉಪಾಧ್ಯಾಯ ಪ್ರಾಕೃತದಲ್ಲಿ ಉವಜ್ಝಾಯ. ಅಲ್ಲಿಂದ ಕನ್ನಡಕ್ಕೆ ಬರುವಾಗ ‘ಉವ’ ಕೂಡಿಕೊಂಡು ಓಕಾರವಾಯಿತು, ‘ಜ್ಝ’ ಸಪೂರವಾಗಿ ಜಕಾರವಾಯಿತು. ಧ್ಯಕಾರ ಜಕಾರವಾಗುವುದು ನಮಗೆ ಹೊಸತೇನಲ್ಲ. ಸಂಧ್ಯಾ ಸಂಜೆಯಾಗಿದೆ, ವಂಧ್ಯಾ ಬಂಜೆಯಾಗಿದೆ, ಧ್ಯಾನ ಹಳಗನ್ನಡದಲ್ಲಿ ಜಾನ. ದಿನಾ ಸಂಜೆ ಎನ್ನುವವರು ಓಜನನ್ನು ಗುರುತಿಸಲು ಕಷ್ಟಪಡಬೇಕಾಗಿಲ್ಲ.

ಪ್ರಾಕೃತ ಎಂದ ಕೂಡಲೇ ಅದು ದೂರದ ಮಗಧದ ಭಾಷೆ ಎಂದುಕೊಳ್ಳುವುದು ಬೇಡ. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಇರುವುದು ಪ್ರಾಕೃತದಲ್ಲೇ. ನಾಲ್ಕನೆಯ ಶತಮಾನದ ಸುಮಾರಿನ ಆ ದಾನಪತ್ರ ಹೊರಟದ್ದು ಕಂಚಿಯಿಂದ, ಕೊನೆಗೆ ನೆಲೆ ನಿಂತದ್ದು ತುಂಗಭದ್ರೆಯ ದಂಡೆಯ ಈ ಸೀಮೆಯಲ್ಲಿ. ಇನ್ನು ಜೈನರ ಪಂಚನಮಸ್ಕಾರದಲ್ಲಿ ಅರಿಹಂತ, ಸಿದ್ಧ, ಆಚಾರ್ಯರಾದ ಮೇಲೆ ನಾಲ್ಕನೆಯ ನಮಸ್ಕಾರ ಸಲ್ಲುವುದು ಉವಜ್ಝಾಯರಿಗೆ. ಇದೇ ಸೀಮೆಯ ಕೋಗಳಿಯ ಹಳೆಯ ಬಸದಿಯಲ್ಲಿ ಆ ಮಾತು ತಲೆಮಾರುಗಟ್ಟಲೆ ಮೊಳಗಿದೆ. ಓಜ ನಮ್ಮೂರಿಗೆ ಬಂದದ್ದು ಪಂಡಿತರ ಗ್ರಂಥದಿಂದ ಇಳಿದು ಅಲ್ಲ, ಜನ ಬಳಸಿದ ಭಾಷೆಯ ಹಾದಿ ಹಿಡಿದು.

ಅದೇ ಮಾತು ಬೇರೆ ಸೀಮೆಗಳಲ್ಲಿ ಬೇರೆ ವೇಷ ತೊಟ್ಟಿದೆ. ತೆಲುಗಿನಲ್ಲಿ ಅದು ಒಜ್ಜ. ತಮಿಳಿನಲ್ಲಿ ವಾತ್ತಿಯಾರ್. ಬಿಹಾರದ ಓಝಾ, ಝಾ ಅಡ್ಡಹೆಸರುಗಳು ಅದರವೇ. ಬಂಗಾಳದ ಚಟ್ಟೋಪಾಧ್ಯಾಯ ಚಟರ್ಜಿಯಾದಾಗ ಬಾಲದಲ್ಲಿ ಉಳಿದ ‘ಜಿ’ ಕೂಡ ನಮ್ಮ ಓಜನ ದಾಯಾದಿ, ಗೌರವಕ್ಕೆ ಹಚ್ಚುವ ಹಿಂದಿಯ ‘ಜೀ’ ಅಲ್ಲ. ಉತ್ತರದ ಹಳ್ಳಿಗಳಲ್ಲಿ ಓಝಾ ಎಂದರೆ ದೆವ್ವ ಬಿಡಿಸುವವನೂ ಹೌದು. ಗದ್ದಲದ ತರಗತಿಯೊಳಗೆ ಕಾಲಿಟ್ಟವರು ಆ ಅರ್ಥವನ್ನೂ ತಳ್ಳಿಹಾಕಲಾರರು.

ಉಪಾಧ್ಯಾಯನಿಗೆ ಸಂಬಳದ ಗುರುತು ಮೊದಲಿನಿಂದಲೂ ಅಂಟಿದೆ. ಮನುಸ್ಮೃತಿಯ ಲೆಕ್ಕದಲ್ಲಿ ಪೂರ್ತಿ ವೇದ ಕಲಿಸುವವನು ಆಚಾರ್ಯ. ವೇದದ ಒಂದು ಭಾಗವನ್ನೋ ವೇದಾಂಗವನ್ನೋ ಹೊಟ್ಟೆಪಾಡಿಗಾಗಿ ಕಲಿಸುವವನು ಉಪಾಧ್ಯಾಯ. ಹತ್ತು ಉಪಾಧ್ಯಾಯರ ತೂಕಕ್ಕೆ ಒಬ್ಬ ಆಚಾರ್ಯ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಸ್ಟಾಫ್ ರೂಮು ನೋಡಿದವರಿಗೆ ಈ ತಕ್ಕಡಿಯ ಪರಿಚಯವಿದೆ. ಒಂದು ಕಡೆ ಯುಜಿಸಿ ವೇತನದ ಪ್ರಾಧ್ಯಾಪಕರು, ಇನ್ನೊಂದು ಕಡೆ ಬಹುಪಾಲು ಪೀರಿಯಡ್ಡುಗಳನ್ನು ಹೊತ್ತ ಅತಿಥಿ ಉಪನ್ಯಾಸಕರು. ಅತಿಥಿ ಎಂದು ಕರೆದು ಬುತ್ತಿಯನ್ನು ಅವರಿಂದಲೇ ತರಿಸುವ ಮನೆ ಇದೊಂದೇ ಇರಬೇಕು. ಪ್ರಾಧ್ಯಾಪಕ, ಅಧ್ಯಾಪಕ, ಅಧ್ಯಯನ, ಅಧ್ಯಾಯ ಎಲ್ಲವೂ ಓಜನ ಬಳಗವೇ ಎಂಬುದು ಬೇರೆ ಮಾತು.

ಕನ್ನಡ ನಾಡಿನಲ್ಲಿ ಓಜನಿಗೆ ಆದದ್ದು ಇನ್ನೂ ಸ್ವಾರಸ್ಯದ ಸಂಗತಿ. ಇಲ್ಲಿ ಅವನು ಬಳಪ ಕೆಳಗಿಟ್ಟು ಉಳಿ ಹಿಡಿದ. ಚಾಲುಕ್ಯ, ಹೊಯ್ಸಳರ ಕಾಲದ ಶಾಸನಗಳ ಕೊನೆಯಲ್ಲಿ, ವಿಗ್ರಹಗಳ ಪೀಠದಲ್ಲಿ ದಾಸೋಜ, ಕೇದಾರೋಜ, ಮಲ್ಲೋಜ, ನಾಗೋಜ ಎಂಬ ಹೆಸರುಗಳು ಸಾಲುಗಟ್ಟಿವೆ. ಇವರು ಶಿಲ್ಪಿಗಳು, ಬಡಗಿಗಳು, ಕಮ್ಮಾರರು, ಅಕ್ಕಸಾಲಿಗರು. ಒಬ್ಬನಿಗೆ ಓಜ ಎನ್ನುವ ಬಾಲ ಸೇರಿದೆಯೆಂದರೆ ಅವನು ಕೆಲಸ ಬಲ್ಲವನಷ್ಟೇ ಅಲ್ಲ, ನಾಲ್ಕು ಜನಕ್ಕೆ ಕಲಿಸುವವನು ಎಂದರ್ಥ. ಆಚಾರ್ಯನೂ ಇದೇ ದಾರಿ ಹಿಡಿದ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಗುಂಡ ಅನಿವಾರಿತಾಚಾರಿಯಿಂದ ಹಿಡಿದು ಇಂದು ಬಾಗಿಲು ಕೂರಿಸಲು ಬರುವ ಆಚಾರಿಯವರೆಗೆ ಆ ಸಾಲು ಕಡಿದಿಲ್ಲ. ಮನು ಹತ್ತಕ್ಕೊಂದರಂತೆ ತೂಗಿಟ್ಟಿದ್ದ ಇಬ್ಬರನ್ನೂ ಕನ್ನಡ ಒಂದೇ ಕುಲುಮೆಯ ಮುಂದೆ ಕೂರಿಸಿತು.

ಶಾಸನದ ವಿಷಯದಲ್ಲಿ ಒಂದನ್ನು ಮರೆಯಬಾರದು. ಪಾಠ ಬರೆದವನು ಕವಿಯೋ ಸೇನಬೋವನೋ ಇರಬಹುದು. ಆದರೆ ಅದನ್ನು ಕಲ್ಲಿನಲ್ಲಿ ಕಂಡರಿಸಿದವನು ಓಜ. ಒತ್ತಕ್ಷರ ಎಲ್ಲಿ ಕೂರಬೇಕು, ಸಾಲು ಎಲ್ಲಿ ಮುರಿಯಬೇಕು, ಕಲ್ಲಿನ ಬಿರುಕನ್ನು ಹೇಗೆ ತಪ್ಪಿಸಬೇಕು ಎಂಬ ತೀರ್ಮಾನ ಅವನದು. ನಮ್ಮ ಚರಿತ್ರೆಯ ಪ್ರಾಧ್ಯಾಪಕರು ಇಂದು ಓದುವ ಒಂದೊಂದು ಅಕ್ಷರವೂ ಓಜನ ಉಳಿಯ ಕೆಳಗೆ ಹಾದು ಬಂದದ್ದು. ಅಕ್ಷರ ಬಾರದವನ ಕೈಯಲ್ಲಿ ಅಂಥ ಶಾಸನ ಹುಟ್ಟುವುದಿಲ್ಲ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯನ್ನೇ ನೋಡಿ. ಅಲ್ಲಿನ ಕೋಡಿಯಮಠದ ಬಗೆಗಿನ 1162ರ ಶಾಸನ ಆ ಮಠದಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ನಾಲ್ಕು ವೇದ, ಪಾಣಿನಿ, ಶಾಕಟಾಯನರೇ ಮೊದಲಾದವರ ವ್ಯಾಕರಣ, ಆರು ದರ್ಶನ, ಹದಿನೆಂಟು ಪುರಾಣ. ಅದರ ಜೊತೆಗೇ ಬಡವರಿಗೆ, ಕುರುಡರಿಗೆ, ಕಿವುಡರಿಗೆ ಊಟ, ರೋಗಿಗಳಿಗೆ ಔಷಧಿ, ಹೆದರಿ ಬಂದವರಿಗೆ ಆಸರೆ. ಅದೇ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ ಮದನಿಕೆಯರನ್ನು ಕಡೆದು ಹೆಸರು ಕೊರೆದು ಬಂದರು. ಒಂದೇ ಊರು. ಮಠದೊಳಗೆ ಪಾಣಿನಿ ಹೇಳುವವನು ಉಪಾಧ್ಯಾಯ, ಕಲ್ಲುಕುಟಿಗರ ಕೇರಿಯಲ್ಲಿ ಅಳತೆ ಹೇಳುವವನು ಓಜ. ಒಂದೇ ಮಾತಿನ ಎರಡು ರೂಪ ಎರಡು ಬೀದಿಯಲ್ಲಿ ಪಾಠ ಮಾಡುತ್ತಿದ್ದವು. ಕೋಡಿಯಮಠದ ಶಾಸನ ಮೊದಲನೆಯ ಬೀದಿಯನ್ನು ಕೊಂಡಾಡಿದೆ. ಎರಡನೆಯದು ತನ್ನ ಸಾಕ್ಷಿಯನ್ನು ತಾನೇ ಬಿಟ್ಟುಹೋಗಿದೆ.

ನಮ್ಮ ಐದು ತಾಲ್ಲೂಕುಗಳಲ್ಲಿ ಆ ಸಾಕ್ಷಿಗೆ ಬರವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ನೀಲಗುಂದದ ಭೀಮೇಶ್ವರ, ಅಂಬಳಿಯ ಕಲ್ಲೇಶ್ವರ, ಹಿರೇಹಡಗಲಿ ಮತ್ತು ಮಾಗಳದ ಗುಡಿಗಳು, ನದಿ ಅಂಚಿನ ಕುರುವತ್ತಿಯ ಮಲ್ಲಿಕಾರ್ಜುನ. ಅಲೆಗ್ಸಾಂಡರ್ ರೀ 1896ರಲ್ಲಿ ಚಾಲುಕ್ಯ ವಾಸ್ತುವಿನ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದಾಗ ನಕ್ಷೆ ತೆಗೆಸಿದ್ದು ಈ ಗುಡಿಗಳದೇ. ಕುರುವತ್ತಿಯ ಕಂಬದ ಮೇಲಿನ ಮದನಿಕೆಯರನ್ನು ಬೇಲೂರಿನವರ ಅಕ್ಕಂದಿರೆಂದೇ ಕಲಾಚರಿತ್ರೆಕಾರರು ಗುರುತಿಸುತ್ತಾರೆ. ಕುರುವತ್ತಿಯಲ್ಲಿ ನಿಂತು ಕತ್ತೆತ್ತಿದರೆ ಬಳ್ಳಿಯ ಸುರುಳಿಗಳೊಳಗಿಂದ ಬೆಳಕು ತೂರಿ ಬರುವಷ್ಟು ಕಲ್ಲನ್ನು ಬಿಡಿಸಿರುವುದು ಕಾಣುತ್ತದೆ. ಒಂದು ಏಟು ತಪ್ಪಿದರೆ ತಿಂಗಳುಗಟ್ಟಲೆಯ ಕೆಲಸ ಹಾಳು. ಅಂಥ ಕೈ ಒಂದೇ ತಲೆಮಾರಿನಲ್ಲಿ ಪಳಗುವುದಿಲ್ಲ. ಹಿಂದೆ ಕಲಿಸುವ ಕ್ರಮವೊಂದು ಇರಲೇಬೇಕು, ತಪ್ಪು ಮಾಡಲು ಬಿಡುವ ಕಲ್ಲುಗಳು ಇರಬೇಕು, ಕೆಲಸ ಪಾಸೋ ಫೇಲೋ ಎಂದು ಹೇಳುವ ಕಣ್ಣು ಇರಬೇಕು. ಇವೆಲ್ಲ ಇರುವ ಜಾಗವನ್ನು ಇಂದು ನಾವು ಕಾಲೇಜು ಎನ್ನುತ್ತೇವೆ.

ಇಂದು ಕಾಲೇಜುಗಳು ಗೋಡೆಯ ಮೇಲೆ ಬರೆಸುವ ‘ಧ್ಯೇಯ ಮತ್ತು ಮೌಲ್ಯ’ಗಳನ್ನು ಆಗ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕಲ್ಲಿನ ಮಾತಿಗೆ ಹಣದ ಆಧಾರವೂ ಇರುತ್ತಿತ್ತು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ 945ರ ಶಾಸನವನ್ನು ನೋಡಿದರೆ ಇದು ಗೊತ್ತಾಗುತ್ತದೆ. ಹೊರನಾಡಿನಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು. ಊರವರು ಮದುವೆಗೆ 5 ನಾಣ್ಯ, ಮುಂಜಿಗೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಕೊಡಬೇಕು. ಪಾವಿಟ್ಟಗೆ ಎಂದಿದ್ದ ಊರಿನ ಹೆಸರೇ ಶಾಲೆ ಸೇರಿಕೊಂಡು ಸಾಲೋಟಗಿ ಆಗಿಹೋಯಿತು. ಚಿತ್ತಾಪುರದ ಹತ್ತಿರದ ನಾಗಾವಿಯ 1058ರ ಘಟಿಕಾಸ್ಥಾನದಲ್ಲಿ ವೇದ ಓದುವವರೇ 200 ಮಂದಿ, ಜೊತೆಗೆ ಶಾಸ್ತ್ರದವರು, ಪುಸ್ತಕ ಕಾಯಲು 6 ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಪಾಲಕರ ಹುದ್ದೆ ವರ್ಷಗಟ್ಟಲೆ ಖಾಲಿ ಬಿದ್ದ ಕಾಲೇಜುಗಳನ್ನು ಕಂಡವರಿಗೆ ಆ ಆರು ಜನರ ಮೇಲೆ ಹೊಟ್ಟೆಕಿಚ್ಚಾದೀತು.

ಆದರೂ ಈ ಶಾಸನಗಳನ್ನು ತೋರಿಸಿ ನಮ್ಮಲ್ಲಿ ಆಗಲೇ ವಿಶ್ವವಿದ್ಯಾಲಯಗಳಿದ್ದವು ಎಂದು ಎದೆ ತಟ್ಟಿಕೊಳ್ಳುವವರ ಜೊತೆ ನಾನು ಪೂರ್ತಿ ದನಿಗೂಡಿಸಲಾರೆ. ಸಾಲೋಟಗಿ, ನಾಗಾವಿಗಳ ಬಾಗಿಲು ತೆರೆದದ್ದು ಕೆಲವರಿಗೆ ಮಾತ್ರ. ಶಾಸನ ಕೆತ್ತಿದ ಓಜನ ಮಗ ಆ ಪಟ್ಟಿಯಲ್ಲಿಲ್ಲ. ಕಟ್ಟಡವೂ ಅಕ್ಷರವೂ ಅವನವು, ಒಳಗಿನ ಪಾಠ ಬೇರೆಯವರದು.

ಓಜನ ಮಕ್ಕಳು ಏನು ಓದುತ್ತಿದ್ದರು ಎಂಬುದಕ್ಕೆ ನಮ್ಮ ಜಿಲ್ಲೆಯದೇ ಒಂದು ಅಪರೂಪದ ದಾಖಲೆ ಇದೆ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಶಾಲೆಗಳ ಲೆಕ್ಕ ಕೇಳಿದಾಗ ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ದೀರ್ಘ ವರದಿ ಕಳಿಸಿದ. ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ, ಹಾಗಾಗಿ ಬರೀ ಅಂಕಿ ತುಂಬಿ ಕೈ ತೊಳೆದುಕೊಳ್ಳಲಿಲ್ಲ. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ, ಎಂದರೆ ನಮ್ಮ ಈ ತಾಲ್ಲೂಕುಗಳೂ ಸೇರಿ, 533 ಶಾಲೆಗಳು, 6,641 ಮಕ್ಕಳು. ಅದರಲ್ಲಿ ಹುಡುಗಿಯರು ಬರೀ 60. ಕನ್ನಡ ಕಲಿಸುವ ಶಾಲೆಗಳು 235. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಗೆ ಹೋಗುತ್ತಿರಲಿಲ್ಲ. ಈ 533ರಲ್ಲಿ ಒಂದಕ್ಕೂ ಸರ್ಕಾರದ ನೆರವಿಲ್ಲ ಎಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದು ಅವನು ಬರೆದ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಮಗ್ಗ ನಿಂತದ್ದು, ಬಡತನಕ್ಕೆ ಮಕ್ಕಳನ್ನೂ ಕೂಲಿಗೆ ಹಚ್ಚಬೇಕಾದದ್ದು ಶಾಲೆಗಳು ಬಡವಾಗಲು ಕಾರಣ ಎಂದೂ ಸೇರಿಸಿದ.

ಶಾಲೆಯೊಳಗಿನ ನೋಟವನ್ನೂ ಅವನು ಕೊಟ್ಟಿದ್ದಾನೆ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಂದ ಬೆತ್ತದ ಲೆಕ್ಕ ಶುರು. ಮಕ್ಕಳು ಮರಳಲ್ಲಿ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು, ದೊಡ್ಡವರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಈ ಕ್ರಮವನ್ನು ಆಂಡ್ರೂ ಬೆಲ್ ಇಂಗ್ಲೆಂಡಿಗೆ ಒಯ್ದು ‘ಮದ್ರಾಸ್ ಪದ್ಧತಿ’ ಎಂದು ಹೆಸರು ಮಾಡಿದ. ರಾಮಾಯಣ, ಭಾರತ, ಭಾಗವತ ಎಲ್ಲ ಮಕ್ಕಳೂ ಓದುತ್ತಿದ್ದ ಪುಸ್ತಕಗಳು. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ಹಂಪಿಯ ಹರಿಹರನ ಗಿರಿಜಾ ಕಲ್ಯಾಣ. ಕುಶಲಕರ್ಮಿಗಳ ಮಕ್ಕಳಿಗೆ ಇವುಗಳ ಮೇಲೆ ವಿಶ್ವಕರ್ಮ ಪುರಾಣ. ಕುಲಕಸುಬಿನ ಮೂಲಕಥೆಯೇ ಪಠ್ಯವಾಗಿತ್ತು ಎಂದಾಯಿತು. ಓದು ಬೇರೆ, ಕೈಕೆಲಸ ಬೇರೆ ಎಂಬ ಗೋಡೆ ಆ ಬಡ ಶಾಲೆಯಲ್ಲಿ ಇನ್ನೂ ಎದ್ದಿರಲಿಲ್ಲ.

ಅಷ್ಟು ಹೊತ್ತಿಗೆ ಓಜ ಎಂಬ ಮಾತು ಶಾಲೆಯಿಂದ ಕಣ್ಮರೆಯಾಗಿತ್ತು. ಕೂಲಿಮಠದಲ್ಲಿ ಕಲಿಸುವವರು ಐಗಳು, ಅಯ್ನೋರು. ಮುಂದೆ ಮಾಸ್ತರು ಬಂದರು, ಮೇಷ್ಟ್ರು ಬಂದರು, ಈಗ ಎಲ್ಲೆಲ್ಲೂ ‘ಸಾರ್’. ಕಸುಬಿನವರನ್ನೂ ಬಡಿಗೇರ, ಕಮ್ಮಾರ, ಪತ್ತಾರ, ಕಂಚುಗಾರ ಎಂದು ಕೆಲಸದ ಹೆಸರಿನಿಂದ ಕರೆದೆವು. ಹೆಸರಿನ ಕೊನೆಯ ಗೌರವ ಬಿದ್ದುಹೋಯಿತು. ತೆಲಂಗಾಣದ ವಿಶ್ವಕರ್ಮರಲ್ಲಿ ಅದು ಅಡ್ಡಹೆಸರಾಗಿ ಇನ್ನೂ ಉಸಿರಾಡುತ್ತಿದೆ. ಅಲ್ಲಿ ದಾಸೋಜು ಎಂಬ ಮನೆತನಗಳಿವೆ. ಬಳ್ಳಿಗಾವೆಯ ಶಿಲ್ಪಿಯ ಹೆಸರು ಅಲ್ಲಿ ಆಧಾರ್ ಕಾರ್ಡಿನ ಮೇಲಿದೆ.

ಇನ್ನು ಕಾಲೇಜುಗಳ ಕಥೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಬಂದ ನಮ್ಮ ಕಾಲೇಜುಗಳು ಧಾರವಾಡದ ವಿಶ್ವವಿದ್ಯಾಲಯದ ಕೆಳಗಿದ್ದವು, 1980ರಲ್ಲಿ ಗುಲ್ಬರ್ಗಕ್ಕೆ, 2010ರಲ್ಲಿ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ವರ್ಗವಾದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮರಳಿ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಅಂಕಪಟ್ಟಿಯ ಮೇಲಿನ ಮುದ್ರೆ ಬದಲಾಯಿತು. ಪಾಠದ ಸ್ವರೂಪ ಅಷ್ಟಾಗಿ ಬದಲಾಗಲಿಲ್ಲ.

1994ರಲ್ಲಿ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಹುಟ್ಟಿತು. ಅದರ ಏಳು ಮಾನದಂಡಗಳಲ್ಲಿ ಕೊನೆಯದು ಸಂಸ್ಥೆಯ ಮೌಲ್ಯಗಳು. ಹೀಗಾಗಿ ಪ್ರಿನ್ಸಿಪಾಲರ ಕೋಣೆಯ ಪಕ್ಕ ಫ್ಲೆಕ್ಸು ಬಂತು: ದೂರದೃಷ್ಟಿ, ಧ್ಯೇಯ, ಮೌಲ್ಯ. ಗ್ರಾಮೀಣ ಮಕ್ಕಳ ಸರ್ವತೋಮುಖ ಬೆಳವಣಿಗೆ, ಜಾಗತಿಕ ಸ್ಪರ್ಧೆ, ನೈತಿಕತೆ. ಊರು ಯಾವುದಾದರೇನು, ಬರಹ ಒಂದೇ. ಕಡಲೆಕಾಯಿ ಬೆಳೆಯುವ ಕೂಡ್ಲಿಗಿಗೂ ಮಂಗಳೂರಿಗೂ ವ್ಯತ್ಯಾಸ ಕಾಣದು. ಸಿಬ್ಬಂದಿಯ ಬಾಯಲ್ಲಿ ಮೌಲ್ಯ ಎಂಬ ಪದ ನಿಜವಾಗಿ ಓಡಾಡುವುದು ಮೌಲ್ಯಮಾಪನದ ಕಾಲದಲ್ಲಿ, ಉತ್ತರಪತ್ರಿಕೆಗೆ ಇಷ್ಟು ರೂಪಾಯಿ ಎಂಬ ದರ ಕೇಳುವಾಗ. ಬಳ್ಳಿಗಾವೆಯವರಂತೆ ‘ಇಂತಿಂಥ ಪಾಠ, ಇಂತಿಂಥವರಿಗೆ ಊಟ’ ಎಂದು ಬರೆದಿದ್ದರೆ ಹೌದೋ ಅಲ್ಲವೋ ಎಂದು ಯಾರಾದರೂ ಹೋಗಿ ನೋಡಬಹುದಿತ್ತು.

ಇಂಥ ಹೊತ್ತಿನಲ್ಲಿ ಚಂದ್ರಶೇಖರ ಕಂಬಾರರು ಮೊದಲ ಕುಲಪತಿಯಾಗಿದ್ದ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂಬ ಹೆಸರನ್ನು ಎತ್ತಿಕೊಂಡಿತು. ಮುಳಿಯ ತಿಮ್ಮಪ್ಪಯ್ಯನವರು ‘ನಾಡೋಜ ಪಂಪ’ ಎಂಬ ಪುಸ್ತಕದ ಮೂಲಕ ಪಂಡಿತವಲಯದಲ್ಲಿ ಆ ಮಾತಿಗೆ ಮರುಜೀವ ಕೊಟ್ಟಿದ್ದರು. ವಿಶ್ವವಿದ್ಯಾಲಯ ಅದನ್ನು ಪಂಡಿತರಿಗಷ್ಟೇ ಮೀಸಲಿಡಲಿಲ್ಲ. ದರೋಜಿಯ ಬುರ್ರಕಥಾ ಈರಮ್ಮ, ಚಳ್ಳಕೆರೆ ಸೀಮೆಯ ಸಿರಿಯಜ್ಜಿ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ ನಾಡೋಜರಾದರು. ಈರಮ್ಮನಿಗೆ ಓದು ಬರಹ ಗೊತ್ತಿರಲಿಲ್ಲ. ರಾತ್ರಿಗಟ್ಟಲೆ ಹಾಡುವ ಕಾವ್ಯಗಳು ಬಾಯಲ್ಲಿದ್ದವು. ಅವುಗಳನ್ನು ಬರೆದುಕೊಂಡವರು ವಿಶ್ವವಿದ್ಯಾಲಯದವರು. ಹಾಗಾದರೆ ಅಲ್ಲಿ ಯಾರು ಓಜ, ಯಾರು ಶಿಷ್ಯ? ಡಾಕ್ಟರ್ ಎನ್ನುವ ಬಿರುದು ಕೊಟ್ಟಿದ್ದರೆ ಈ ಪ್ರಶ್ನೆ ಏಳುತ್ತಿರಲಿಲ್ಲ. ಓಜ ಎಂದು ಕರೆದದ್ದರಿಂದ ವಿಶ್ವವಿದ್ಯಾಲಯವೇ ಅವರ ಮುಂದೆ ಕಲಿಯಲು ಕೂತಂತಾಯಿತು. ಇದಕ್ಕಿಂತ ಗಟ್ಟಿಯಾದ ಧ್ಯೇಯವಾಕ್ಯವನ್ನು ನಾನು ಯಾವ ಗೋಡೆಯ ಮೇಲೂ ಓದಿಲ್ಲ.

ಆದರೆ ನಾಡೋಜ ವರ್ಷಕ್ಕೊಮ್ಮೆಯ ಹಬ್ಬ. ಉಳಿದ ದಿನಗಳಲ್ಲಿ ಓಜ ಕಾಲೇಜಿನ ಗೇಟಿನ ಹೊರಗೇ ಇದ್ದಾನೆ. ಟ್ರ್ಯಾಕ್ಟರ್ ಬರುವ ಮುಂಚೆ ಮೂರು ತಾಳಿನ ಕೂರಿಗೆ ಕಟ್ಟುತ್ತಿದ್ದ ಬಡಿಗೇರರು ಇನ್ನೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಜೋಳಕ್ಕೆ ಸಾಲಿನಿಂದ ಸಾಲಿಗೆ ಎಷ್ಟು, ಕಡಲೆಕಾಯಿಗೆ ಎಷ್ಟು ಎಂಬ ಲೆಕ್ಕ ಕೂರಿಗೆಯ ದಿಂಡಿಗೆ ತೂತು ಕೊರೆಯುವಾಗಲೇ ಮುಗಿದಿರಬೇಕು. ಬೀಜ ಸುರಿಯುವ ಬಟ್ಟಲಿನ ಕಣ್ಣು ಒಂದಕ್ಕಿಂತ ಒಂದು ದೊಡ್ಡದಾದರೆ ಒಂದು ಸಾಲು ದಟ್ಟ, ಇನ್ನೊಂದು ಸಾಲು ಬೋಳು. ತಪ್ಪು ಗೊತ್ತಾಗುವುದು ಮೊಳಕೆ ಬಂದಾಗ, ಇಡೀ ಊರಿಗೇ. 2017ರ ಫೆಬ್ರುವರಿಯಲ್ಲಿ ಕೊಟ್ಟೂರೇಶ್ವರನ ತೇರು ಎಳೆಯುವಾಗಲೇ ಮಗುಚಿ ಬಿದ್ದಾಗ ಜನ ಮೊದಲು ಮಾತಾಡಿದ್ದು ಅಚ್ಚು, ಗಾಲಿಗಳ ಬಗ್ಗೆ. ಅಷ್ಟೆತ್ತರದ ಮರದ ಗೋಪುರದ ಭಾರ ಅಚ್ಚಿನ ಮೇಲೆ ಹೇಗೆ ಹಂಚಿಹೋಗುತ್ತದೆ ಎಂಬುದು ಎಂಜಿನಿಯರಿಂಗ್ ಪಾಠ. ಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ತೇರು ಕಟ್ಟುವವರಿಗೂ ಅಂಥ ತರಗತಿಗಳಿಗೂ ಮಾತುಕತೆ ಇಲ್ಲದಿರುವುದು ಎರಡೂ ಕಡೆಗೆ ನಷ್ಟ.

2023ರ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳವರಿಗೆ ತರಬೇತಿ, ಸರ್ಟಿಫಿಕೇಟು, ಉಪಕರಣಕ್ಕೆ 15,000 ರೂಪಾಯಿ ಕೊಡುತ್ತದೆ. ಒಳ್ಳೆಯದೇ. ಆದರೆ ಅಲ್ಲಿ ಓಜ ಕಲಿಯುವವನ ಬೆಂಚಿನಲ್ಲಿ ಕೂತಿದ್ದಾನೆ. ಬಾದಾಮಿ ಬನಶಂಕರಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ನಡೆಸುವ ಶಿಲ್ಪಕಲೆಯ ಕೇಂದ್ರದಂಥದ್ದು ನಮ್ಮ ಐದು ತಾಲ್ಲೂಕುಗಳಲ್ಲಿ ಒಂದಿದ್ದರೂ, ಕುರುವತ್ತಿ, ಬಾಗಳಿಗಳು ಕಣ್ಣೆದುರಿಗಿರುವಾಗ, ಪಠ್ಯಪುಸ್ತಕಕ್ಕೆ ಬರವಿರುತ್ತಿರಲಿಲ್ಲ. ಈಗ ಅವು ಬಿ.ಎ. ಚರಿತ್ರೆ ಪತ್ರಿಕೆಯಲ್ಲಿ ಟಿಪ್ಪಣಿ ಬರೆಯುವ ಪ್ರಶ್ನೆಗಷ್ಟೇ ಸಾಕಾಗಿವೆ. ಉತ್ತರ ಬರೆಯುವವರ ಹಾಜರಿ ಪಟ್ಟಿಯಲ್ಲಿ ಬಡಿಗೇರ, ಕಮ್ಮಾರ, ಪತ್ತಾರ ಎಂಬ ಅಡ್ಡಹೆಸರುಗಳೂ ಇರುತ್ತವೆ.

ಯುಜಿಸಿ ಈಚೆಗೆ ಸ್ಥಳೀಯ ಕಲಾವಿದರನ್ನೂ ಕುಶಲಕರ್ಮಿಗಳನ್ನೂ ಕಾಲೇಜಿಗೆ ಬರಮಾಡಿಕೊಂಡು ಪಾಠ ಮಾಡಿಸಲು ಮಾರ್ಗಸೂಚಿ ಹೊರಡಿಸಿದೆ. ಅವರಿಗೆ ಇಟ್ಟ ಹೆಸರು ಕಲಾಗುರು. ಅದರಲ್ಲೂ ಗುರು, ಮಹಾಗುರು, ಪರಮಗುರು ಎಂದು ಮೂರು ದರ್ಜೆ. ತೂಕ ಹಾಕುವ ಚಟ ಮನುವಿನ ಕಾಲದಿಂದ ಬಿಟ್ಟಿಲ್ಲ. ಹೆಸರು ಏನೇ ಇರಲಿ, ಆ ಕಾಗದ ಹಿಡಿದು ನಮ್ಮ ಕಾಲೇಜುಗಳು ಮಾಡಬೇಕಾದ ಕೆಲಸ ಸಣ್ಣದು. ವಾರಕ್ಕೆ ಎರಡು ಪೀರಿಯಡ್ಡು ಟೈಮ್‌ಟೇಬಲ್ಲಿನಲ್ಲಿ ತೆಗೆದಿಡಬೇಕು, ಆ ಪಾಠಕ್ಕೆ ಕ್ರೆಡಿಟ್ ಕೊಡಬೇಕು, ಬರುವ ಬಡಿಗೇರನಿಗೋ ಕಲ್ಲುಕುಟಿಗನಿಗೋ ಗೌರವಧನವನ್ನು ತಿಂಗಳಿಗೆ ಸರಿಯಾಗಿ ಪಾವತಿಸಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟ ಎಂದು ಯಾವ ಅತಿಥಿ ಉಪನ್ಯಾಸಕರನ್ನು ಕೇಳಿದರೂ ಹೇಳುತ್ತಾರೆ.